ಕರೆಯುವ ಬಾಯಿ, ಓಗೊಡುವ ಬಾಯಿ

...ಅಥವಾ ಅದು ಬೇವಿನ ಹೊಗೆಯೇ ಆಗಿರಲಿಲ್ಲವೇನೋ. ಪ್ಲೇಗಿನ ವರ್ಷ ನಮ್ಮ ಗುಡಿಸಲಿನ ಬಾಗಿಲಲ್ಲಿ ದಿನವೂ ಬೇವಿನ ಸೊಪ್ಪು ಸುಡುತ್ತಿದ್ದೆ ಎಂದು ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇನೆ. ಆದರೆ ಹಳ್ಳದ ಆಚೆ ದಂಡೆಯಲ್ಲಿ ಬೇವಿನ ಮರವೇ ಇಲ್ಲ. ಇರುವುದೆಲ್ಲ ಹೊಂಗೆ. ಹೋದ ವರ್ಷ ನಮ್ಮ ಪಾಳ್ಯದ ಲೂರ್ದಕ್ಕ ತೀರಿಕೊಂಡು ಅವಳ ಮಣ್ಣಿಗೆಂದು ಹೋದಾಗ ಕಣ್ಣಾರೆ ನೋಡಿದೆ. ಕಡಿದಿರಬಹುದು ಎಂದುಕೊಳ್ಳಲು ಅಲ್ಲೊಂದು ಬೊಡ್ಡೆಯೂ ಇರಲಿಲ್ಲ. ಸ್ಮಶಾನದಿಂದ ಹಿಂದಿರುಗುವಾಗ ಯಾರೋ ಕಣದ ಮೂಲೆಯಲ್ಲಿ ಒದ್ದೆ ರಾಗಿ ಹುಲ್ಲಿಗೆ ಬೆಂಕಿ ಹಾಕಿದ್ದರು; ಪಕ್ಕದಲ್ಲಿ ಅವರೆಕಾಯಿ ಸಿಪ್ಪೆಯ ರಾಶಿ. ಹೊಗೆಯೂ ಆ ಸೊಗಡೂ ಸೇರಿ ಮೂಗಿಗೆ ಬಡಿದಾಗ ಕಾಲು ತಾನಾಗಿ ನಿಂತಿತು. ಇದೇ. ಬೇವಲ್ಲ, ಇದೇ.

ಹಾಗಾದರೆ ಬೇವು ಎಲ್ಲಿಂದ ಬಂತು? ಪ್ಲೇಗಿನ ಕತೆಯಲ್ಲಿ ಬೇವು ಇರಬೇಕೆಂದು ಯಾವಾಗಲೋ ನಾನೇ ನೆಟ್ಟಿರಬೇಕು. ಮರವನ್ನೇ ನೆಟ್ಟ ನೆನಪು ಇನ್ನೇನೇನು ನೆಟ್ಟಿದೆಯೋ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪಾಳ್ಯದಲ್ಲಿ ಈಗ ಆ ವರ್ಷ ನಡೆದದ್ದನ್ನು ಪವಾಡವೆಂದು ಹೇಳುತ್ತಾರೆ. ಮಣ್ಣಿಗೆ ಬಂದಿದ್ದ ಹುಡುಗಿಯೊಬ್ಬಳು, ನಾನು ಯಾರೆಂದು ತಿಳಿಯದೆ, ನನಗೇ ಅದನ್ನು ಹೇಳಿದಳು. ಅವಳ ಕತೆಯಲ್ಲಿ ಗಂಡನ ಪಕ್ಕದಲ್ಲಿ ಮೊಣಕಾಲೂರಿ ಹಗಲಿರುಳು ಪ್ರಾರ್ಥಿಸಿದ ಸೊಸೆಯೊಬ್ಬಳಿದ್ದಾಳೆ. ನಾನು ಮೊಣಕಾಲೂರಲಿಲ್ಲ. ಅದೊಂದು ಮಾತ್ರ ಖಂಡಿತ.

ಕೆಲಮಂಗಲದಿಂದ ಡೆಂಕಣಿಕೋಟೆಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ನಮ್ಮ ಪಾಳ್ಯ. ಸುತ್ತ ರಾಗಿ ಹೊಲ, ಆಚೆ ಕಾಡು, ನಡುವೆ ಹಿಡಿಯಷ್ಟು ಕ್ರೈಸ್ತರ ಮನೆ, ಹೆಂಚಿನ ಒಂದು ಚಿಕ್ಕ ದೇವಾಲಯ. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೂ ಬಟ್ಟೆಗೂ ಪರದಾಟ. ನಾನು ಕೃಷ್ಣಗಿರಿಯಿಂದ ಮದುವೆಯಾಗಿ ಬಂದವಳು. ಅಲ್ಲಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದ್ದರಿಂದ ದೇವಾಲಯದ ಜಗುಲಿಯ ಮೇಲೆ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅಷ್ಟಕ್ಕೇ ಎಲ್ಲರ ಬಾಯಲ್ಲೂ ಟೀಚ್ರಮ್ಮ ಆಗಿದ್ದೆ. ನನ್ನ ಗಂಡ ಅಂತೋಣಿ ಗಾಡಿ ಹೊಡೆಯುತ್ತಿದ್ದ. ಹೊಸೂರಿಗೆ ಕಾಯಿಪಲ್ಲೆ ಸಾಗಿಸುವುದು, ಬರುವಾಗ ಉಪ್ಪು, ಬೆಲ್ಲ ತರುವುದು. ತವರಿನಲ್ಲಿ ನಾನು ಜಪ ಕಲಿತದ್ದು ತಮಿಳಿನಲ್ಲಿ. ಇಲ್ಲಿ ಕನ್ನಡ.

ಆ ಪಾಳ್ಯದಲ್ಲಿ ಜಪಕ್ಕೊಂದು ಕಟ್ಟು ಇತ್ತು. ಜಪಸರದ ಒಂದೊಂದು ಮಣಿಗೂ ಪ್ರಾರ್ಥನೆ ಎರಡು ತುಂಡು. ಮೊದಲ ತುಂಡನ್ನು ಒಬ್ಬರು ಹೇಳುತ್ತಾರೆ, ಉಳಿದವರು ಎರಡನೆಯದನ್ನು ಹೇಳಿ ಮುಗಿಸುತ್ತಾರೆ. ಎಲ್ಲ ಕಡೆಯೂ ಹೀಗೆಯೇ. ಆದರೆ ಬೇರೆ ಕಡೆ ಒಬ್ಬರೇ ಇದ್ದಾಗ ಎರಡನ್ನೂ ತಾವೇ ಹೇಳಿಕೊಳ್ಳುತ್ತಾರೆ. ಇಲ್ಲಿ ಅದು ಆಗದು. ಮೊದಲನೆಯದು ಕರೆಯುವುದು, ಎರಡನೆಯದು ಓಗೊಡುವುದು. ತಾನೇ ಕರೆದು ತಾನೇ ಓಗೊಟ್ಟರೆ ಅದು ಜಪವಲ್ಲ, ಹುಚ್ಚು. ಮದುವೆಯಾದ ಹೊಸದರಲ್ಲಿ ನಾನು ಒಬ್ಬಳೇ ಕೂತು ಮಣಿ ತಿರುಗಿಸುತ್ತಿದ್ದಾಗ ಅತ್ತೆ ಆರೋಗ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದರು.

"ಇದೇನಮ್ಮಿ, ಒಬ್ಳೇ ಎಲ್ಡೂ ಏಳ್ಕಂತಿದ್ದೀಯ? ದೆವ್ವ ಗಿವ್ವ ಮೆಟ್ಕಂಡೈತಾ?"

"ನಮ್ಮೂರಲ್ಲಿ ಹಿಂಗೇ ಅತ್ತೆ."

"ನಿಮ್ಮೂರಾಗೆ ಅಳಿಯಂಗೆ ಅಳಿಯಾನೇ ಬಡಿಸ್ಕಂತಾನಾ? ನೀ ಕರಿ, ನಾ ಓಗೊಡ್ತೀನಿ."

ಮುದ್ದೆ ತಿರುವುವ ಕೋಲು ಕೈಯಲ್ಲೇ ಇತ್ತು. ಹಾಗೇ ನಿಂತು ಇಡೀ ಜಪಕ್ಕೆ ಓಗೊಟ್ಟರು. ಒಲೆಯ ಮೇಲಿನ ಮುದ್ದೆ ಹತ್ತಿಹೋಯಿತು, ಅದಕ್ಕೂ ನನ್ನನ್ನೇ ಬೈದರು.

ಈ ಕಟ್ಟನ್ನು ಯಾರು ಮಾಡಿದರೋ ತಿಳಿಯದು. ಓದು ಬಾರದ ಹಿರಿಯರು ಹಿಂದೆಂದೋ ಒಬ್ಬ ಉಪದೇಶಿಯ ಬಾಯಿಂದ ಕಲಿತದ್ದು: ಅವನು ಹೇಳುವುದು, ತಾವು ಉತ್ತರ ಕೊಡುವುದು. ಜಪವೆಂದರೆ ಇಷ್ಟೇ, ಅದಕ್ಕೆ ಎರಡು ಬಾಯಿ ಬೇಕೇ ಬೇಕು ಎಂದು ನಂಬಿಬಿಟ್ಟರು. ತಪ್ಪು ತಿಳುವಳಿಕೆ. ಆ ತಪ್ಪು ತಿಳುವಳಿಕೆಯ ಮೇಲೆಯೇ ನಮ್ಮ ಆ ವರ್ಷ ನಿಂತಿತ್ತು.

ಅದೇ ವರ್ಷದ ಮುಂಗಾರಿನಲ್ಲಿ ನನ್ನ ಮೊದಲ ಮಗು ಹೋಗಿತ್ತು. ಜ್ಞಾನಸ್ನಾನ ಆಗಿತ್ತು, ಹಲ್ಲು ಬಂದಿರಲಿಲ್ಲ. ಜ್ವರ ಏರುತ್ತಿದ್ದಾಗ ನಾನು ಬೇಡಿಕೊಳ್ಳದ ರೀತಿಯಿಲ್ಲ, ಹೊರದ ಹರಕೆಯಿಲ್ಲ. ಗುರುಗಳು ಅಪರೂಪಕ್ಕೆ ಬರುವ ಆ ಪಾಳ್ಯದಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನು ಉಪದೇಶಿ ಇನ್ನಾಸಪ್ಪ. ಮಣ್ಣು ಮಾಡಿ ಬಂದ ಮೇಲೆ ಅವನು ಹೇಳಿದ: "ಇನ್ನೊಂಚೂರು ಗಟ್ಟಿಯಾಗಿ ನಂಬ್ಬೇಕಾಗಿತ್ತು ತಾಯಿ." ಅಂದೇ ನಾನು ಜಪಸರವನ್ನು ಗೋಡೆಯ ಗೂಟಕ್ಕೆ ನೇತುಹಾಕಿದೆ. ಕೇಳಿದ್ದು ಕೊಡದವನ ಬಾಗಿಲಲ್ಲಿ ಎರಡನೆಯ ಸಲ ನಿಲ್ಲುವವಳಲ್ಲ ನಾನು ಎಂದೆ. ಅತ್ತೆ ಅತ್ತರು. ಅಂತೋಣಿ ಗೂಟದ ಕಡೆ ನೋಡಿ ಎತ್ತು ಕಟ್ಟಲು ಹೋದ. ಆ ಮಾತಿಗೆ ನಾನು ಈಗಲೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ರಾಗಿ ಕೊಯ್ದು ಮೆದೆ ಹಾಕುತ್ತಿದ್ದ ಹೊತ್ತಿಗೆ ದೇವಾಲಯದಲ್ಲಿ, ಪೀಠದ ಹಿಂದೆ, ಇಲಿ ಸತ್ತು ಬಿತ್ತು. ಇಲಿ ಬಿತ್ತೆಂದರೆ ಊರು ಬಿಡಬೇಕು. ಯಾರೂ ಯಾರನ್ನೂ ಕೇಳುವ ಕಾಲವಲ್ಲ. ಹೊಲಗಳಲ್ಲಿ ಗಳು ನೆಟ್ಟು, ತಡಿಕೆ ಕಟ್ಟಿ, ರಾಗಿ ಹುಲ್ಲು ಹೊದಿಸಿ ಗುಡಿಸಲು ಹಾಕಿಕೊಂಡೆವು. ಸುತ್ತಲ ಹಳ್ಳಿಗಳಿಗೆ ಮುಖ್ಯಸ್ಥನಾದ ಮಣಿಯಗಾರ ಬಂದು ಒಂದು ಗುಡಿಸಲಿಗೂ ಇನ್ನೊಂದಕ್ಕೂ ನಡುವೆ ಒಂದು ಹೊಲ ಇರಬೇಕು, ಗುಂಪು ಕೂಡಬಾರದು, ಕಾಯಿಲೆಯಾದವರನ್ನು ಹಳ್ಳದ ಆಚೆಗೆ ಇಡಬೇಕು ಎಂದು ಹೇಳಿಹೋದ. ಉಪದೇಶಿ ಇನ್ನಾಸಪ್ಪ ಅಂಚೆಟ್ಟಿ ಕಡೆಯ ಮಗಳ ಊರಿಗೆ ಹೋದ. ಈಗ ಬಂದೆ ಎಂದು ಹೇಳಿ ಹೋದವನು ಎಲ್ಲ ಮುಗಿಯುವ ತನಕ ಬರಲಿಲ್ಲ. ಅದಕ್ಕೆ ನಾನು ಅವನನ್ನು ದೂರುವುದಿಲ್ಲ. ಹೆದರುವುದು ತಪ್ಪಲ್ಲ. ಹಿಂದಿರುಗಿ ಬಂದು ಅವನು ಆಡಿದ ಮಾತು ಬೇರೆ; ಅದನ್ನು ಆಮೇಲೆ ಹೇಳುತ್ತೇನೆ.

ಹಳ್ಳದ ಆಚೆಗೆ ಹೋಗಬೇಕಾಗಿ ಬಂದ ಮೊದಲ ಮನುಷ್ಯ ಅಂತೋಣಿಯೇ. ಹೊಸೂರಿನಿಂದ ಗಾಡಿ ಹೊಡೆದುಕೊಂಡು ಬಂದವನು ನೊಗ ಇಳಿಸುವಷ್ಟರಲ್ಲಿ ನಡುಗಿದ. ಮಾರನೆಯ ದಿನ ತೊಡೆಸಂದಿನಲ್ಲಿ ಗಡ್ಡೆ ಕಾಣಿಸಿತು. ಅತ್ತೆ ಸೀರೆ ಬಿಗಿದು ಕಟ್ಟಿ, ಚಾಪೆ ಸುತ್ತಿ ಹೊರಟರು.

"ನಾನು ಮುದುಕಿ, ನಾ ಓಯ್ತೀನಿ. ನೀ ಬಾಳೋ ಮುಂಡೆ, ಇಲ್ಲೇ ಇರು."

"ಅವರು ತಾಳಿ ಕಟ್ಟಿದ್ದು ನನಗೆ ಅತ್ತೆ, ನಿಮಗಲ್ಲ."

"ಬಾಯಿ ನೋಡು, ಬಾಯಿ!" ಎಂದರು ಅತ್ತೆ. ಆದರೆ ಸುತ್ತಿದ ಚಾಪೆಯನ್ನು ನನ್ನ ಕಂಕುಳಿಗೆ ಸಿಕ್ಕಿಸಿದರು. ಆಮೇಲೆ, ಯಾರಿಗೂ ಕೇಳಿಸದ ಹಾಗೆ: "ಉಳಿಸ್ಕೋ ಅಮ್ಮಣ್ಣಿ."

ಹೀಗೆ ನಾವಿಬ್ಬರು ಆಚೆ ದಂಡೆಯಲ್ಲಿ, ಉಳಿದವರೆಲ್ಲ ಈಚೆ ದಿಣ್ಣೆಯ ಮೇಲೆ. ಅಷ್ಟರಲ್ಲಿ ಚೌರಪ್ಪ ಒಂದು ಕೆಲಸ ಮಾಡಿದ. ಚೌರಪ್ಪನೆಂದರೆ ಪಾಳ್ಯದ ಹೊಲಗಾವಲಿನವನು. ರಾಗಿ ಹಾಲುಗಟ್ಟಿದಾಗಿನಿಂದ ಕೊಯ್ಲಿನವರೆಗೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಕಾಡಿನಿಂದ ಇಳಿಯುವ ಆನೆಗಳನ್ನು ಕೂಗಿಯೇ ಓಡಿಸುತ್ತಿದ್ದ. ತಮಟೆಯಿಲ್ಲ, ಪಟಾಕಿಯಿಲ್ಲ, ಬರೀ ಗಂಟಲು. ಅವನು ದಿಣ್ಣೆಯ ಮೇಲೆ ಹಾಕಿದ್ದ ಗುಡಿಸಲಿನ ಗಳು ಕಿತ್ತು, ಹೊತ್ತು ತಂದು, ಹಳ್ಳದ ಅಂಚಿಗೇ, ನಮ್ಮ ಎದುರಿಗೇ ನೆಟ್ಟ. ಅವನ ಹೆಂಡತಿ ಲೂರ್ದಕ್ಕ ಹಿಂದೆ ಹುಲ್ಲಿನ ಹೊರೆ ಹೊತ್ತು ಬರುತ್ತ ಬೈಯುತ್ತಿದ್ದುದು ನನಗೆ ಕೇಳಿಸಿತು.

"ಮೂಡ್ಲ ದಿಕ್ಕೆಲ್ಲ ಬಿಟ್ಟು ರೋಗದ ಬಾಯ್ಗೇ ತಂದು ಗುಡ್ಲಾಕವ್ನೆ ನನ್ ಗಂಡ. ಇವ್ನ ಬುದ್ದಿಗೆ ಆನೇನೇ ಸರಿ, ಮನುಷ್ರಲ್ಲ."

"ಗಂಟ್ಲು ಅಲ್ಲೀಗಂಟ ಮುಟ್ಬೇಕಲ್ಲೇ?" ಅಂದ ಚೌರಪ್ಪ.

ಯಾಕೆ ಎಂದು ಆಗ ನನಗೆ ಅರ್ಥವಾಗಲಿಲ್ಲ. ಅಂದು ಸಂಜೆ, ಖಾಲಿ ಬಿದ್ದ ಪಾಳ್ಯದಲ್ಲಿ ಗಂಟೆ ಹೊಡೆಯುವವರಿಲ್ಲದ ಹೊತ್ತಿನಲ್ಲಿ, ಅರ್ಥವಾಯಿತು. ಚೌರಪ್ಪ ಹಳ್ಳದ ಅಂಚಿನ ಬಂಡೆಯ ಮೇಲೆ ನಿಂತು ಜಪದ ಮೊದಲ ತುಂಡನ್ನು ಕೂಗಿದ. ಆನೆ ಓಡಿಸುವ ಗಂಟಲಿನಲ್ಲಿ ದೇವಮಾತೆಯನ್ನು ಕರೆದ. ಆಮೇಲೆ ದಿಣ್ಣೆಯ ಮೇಲಿಂದ, ಒಂದೊಂದು ಹೊಲದಿಂದ ಒಂದೊಂದು ದನಿ, ಮುಂದೆ ಹಿಂದೆ, ಓಗೊಟ್ಟಿತು. ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ಕೊನೆಯ ದನಿ ಮುಗಿಯುವ ತನಕ ಕಾದು ಚೌರಪ್ಪ ಮುಂದಿನ ಮಣಿಗೆ ಕರೆದ. ಬಾಗಿಲಲ್ಲಿ ನಿಂತು ನಾನು ಅಷ್ಟನ್ನೂ ಕೇಳಿದೆ. ನನಗೆ ಕೋಪ ಬಂತು.

ಮಾರನೆಯ ಬೆಳಗ್ಗೆ ಲೂರ್ದಕ್ಕ ಹಳ್ಳದ ನಡುವಿನ ಬಂಡೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು ಇಟ್ಟು ಹಿಂದೆ ಸರಿದಳು. ಅವಳು ದಂಡೆ ಸೇರಿದ ಮೇಲೆಯೇ ನಾನು ಹೋಗಿ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವ ಮೊದಲು ಕೂಗಿ ಹೇಳಿದೆ:

"ಚೌರಣ್ಣಾ, ನಮಗೋಸ್ಕರ ಅಂತ ಕೂಗಬೇಡಿ. ನಾನು ಕೇಳೋದು ಬಿಟ್ಟಿದ್ದೀನಿ. ನನಗೆ ನಂಬಿಕೆ ಇಲ್ಲ."

"ನಿನ್ನ ಯಾರು ಕೇಳುದ್ರು ತಾಯಿ?" ಅವನು ನಗುತ್ತಿದ್ದ. "ಅಂಚೆಟ್ಟಿ ಬೆಟ್ಟದಿಂದ ಕಾಯ್ಲೆಯೋರ್ನ ಡೋಲಿ ಕಟ್ಟಿ ಹೊತ್ಕಂಡ್ ಬತ್ತಾರಲ್ಲ, ನೋಡಿದ್ದೀಯಾ?"

"ನೋಡಿದ್ದೀನಿ."

"ಡೋಲೀಲ್ ಮಲಗಿರೋನು ಕಾಲಾಡಿಸ್ಬೇಕಾ? ಸುಮ್ನೆ ಮಲ್ಗಿದ್ರೆ ಸಾಕು. ಹೊರೋದು ನಮ್ ಕೆಲ್ಸ."

"ನಾನು ಮಲಗಿಲ್ಲ, ನಿಂತಿದ್ದೀನಿ."

"ನಿಂತ್ಕೋ. ನಿಂತೋರ್ನೂ ಹೊರ್ತೀವಿ, ವಸಿ ಭಾರ ಅಷ್ಟೆ."

"ಉಣ್ಣಮ್ಮಿ ಮೊದ್ಲು, ಮುದ್ದೆ ತಣ್ಗಾಯ್ತದೆ," ಎಂದು ಲೂರ್ದಕ್ಕ ಇಬ್ಬರನ್ನೂ ಬೈದಳು.

ಈ ಮಾತುಗಳನ್ನು ಇಷ್ಟು ನಿಖರವಾಗಿ ಹೇಗೆ ನೆನಪಿಟ್ಟುಕೊಂಡೆ ಎಂದು ಯಾರಾದರೂ ಕೇಳಬಹುದು. ಡೋಲಿಯ ಮಾತು ಅವನದೇ, ಅದರಲ್ಲಿ ಸಂಶಯವಿಲ್ಲ. ನಾನು ಕೊಟ್ಟ ಉತ್ತರ ಅಷ್ಟು ಚುರುಕಾಗಿತ್ತೋ ಇಲ್ಲವೋ ಹೇಳಲಾರೆ. ಆಮೇಲಿನ ವರ್ಷಗಳಲ್ಲಿ ಹರಿತ ಮಾಡಿಕೊಂಡಿರಬಹುದು. ಕೋಪ ಮಾತ್ರ ಅಷ್ಟೇ ಇತ್ತು.

ಕೂಗಾಟದ ಸುದ್ದಿ ಮಣಿಯಗಾರನ ಕಿವಿಗೆ ಬಿತ್ತು. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ದಿಣ್ಣೆಯ ಮೇಲೆಯೇ ನಿಂತ.

"ಗುಂಪು ಕೂಡ್ಬಾರ್ದು ಅಂತ ಏಳಿಲ್ವೇನ್ಲಾ ಚೌರಿ?"

"ಗುಂಪೆಲ್ಲೈತೆ ಸಾಮಿ? ಒಬ್ಬೊಬ್ರು ಒಂದೊಂದ್ ಹೊಲ್ದಾಗವ್ರೆ. ಕೂಡ್ತಿರೋದು ಗಂಟ್ಲು."

"ನಿಮ್ ಕೂಗಾಟಕ್ಕೆ ಊರ ದನ ಬೆದರ್ತಾವಂತೆ."

"ಆನೇನೂ ಬೆದರ್ತಾವೆ. ಈ ಸಲ ನಿಮ್ ಹೊಲ್ದ ರಾಗಿ ಮೆದೆ ಯಾವ ಆನೆ ಮುಟ್ತು, ಏಳಿ ನೋಡಾನ?"

ಮಣಿಯಗಾರ ಮೆದೆಗಳ ಕಡೆ ತಿರುಗಿ ನೋಡಿದ. ಆಮೇಲೆ "ಕೂಗ್ಕಳ್ರಪ್ಪ, ಒಸಿ ಬೇಗ ಮುಗಿಸ್ಕಳಿ," ಎಂದು ಹೋದ. ಮತ್ತೆ ಬರಲಿಲ್ಲ. ಅವನ ಮನೆಯಿಂದಲೇ ಆಮೇಲೆ ಒಂದು ದಿನ ಅಂತೋಣಿಗೆಂದು ಚೊಂಬು ಮಜ್ಜಿಗೆ ಬಂಡೆಯ ಮೇಲೆ ಬಂದಿತ್ತು.

ಅಂತೋಣಿಯ ಜ್ವರ ಇಳಿಯಲಿಲ್ಲ. ಗಡ್ಡೆಗೆ ರಾಗಿ ಹಿಟ್ಟನ್ನು ಬಿಸಿಯಾಗಿ ಕಟ್ಟುತ್ತಿದ್ದೆ. ಅವನು ಎತ್ತುಗಳ ಹೆಸರು ಹಿಡಿದು ಕೂಗುತ್ತಿದ್ದ, ನನ್ನನ್ನು ಗುರುತಿಸುತ್ತಿರಲಿಲ್ಲ. ತಾಲ್ಲೂಕಿನಿಂದ ಬಂದ ಹೆಲ್ತ್ ಇನ್‌ಸ್ಪೆಕ್ಟರ್ ಬಿಳಿ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಬಂಡೆಯ ಮೇಲಿಟ್ಟು, ಯುದ್ಧದ ದಿನ, ಇಷ್ಟೇ ಸಿಕ್ಕಿದ್ದು ಎಂದು ಕೂಗಿ ಹೇಳಿ ಹೋದ. ಅದನ್ನು ಅರೆದು ಕುಡಿಸಿದೆ. ಹಗಲು ಹೇಗೋ ಕಳೆಯುತ್ತಿತ್ತು: ನೀರು ತರುವುದು, ಒದ್ದೆ ಬಟ್ಟೆ ಹಾಕುವುದು, ಹುಲ್ಲು ಬದಲಿಸಿ ಹಳೆಯದನ್ನು ಸುಡುವುದು. ಸಂಜೆ ಮಾತ್ರ ಚೌರಪ್ಪನ ಕೂಗು ಯಾವಾಗ ಬಂದೀತೆಂದು ಕಿವಿ ತಾನಾಗಿ ನಿಮಿರುತ್ತಿತ್ತು. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು. ಕೇಳುತ್ತಿದ್ದುದು ದೇವರಿಗಾಗಿ ಅಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ನಿಜವೂ ಹೌದು. ಆ ದನಿಗಳು ನಮಗೆ ಸುದ್ದಿ. ಸೀಳಿದ ದನಿ ಅತ್ತೆಯದು, ಯಾವಾಗಲೂ ಎಲ್ಲರಿಗಿಂತ ಹಿಂದೆ, ಬಿಡದೆ ಎಳೆಯುವುದು. ಮೂಗಿನಲ್ಲಿ ಬರುವುದು ನೆರೆಮನೆಯ ರಾಯಪ್ಪನದು. ಎಲ್ಲರೂ ಓಗೊಟ್ಟರೆ ಎಲ್ಲರೂ ಇದ್ದಾರೆ ಎಂದು ಅರ್ಥ.

ಕ್ರಿಸ್ಮಸ್ ಬಂತು. ಪೂಜೆಯಿಲ್ಲ, ಗುರುಗಳಿಲ್ಲ. ಲೂರ್ದಕ್ಕ ಎಲ್ಲಿಂದಲೋ ಬೆಲ್ಲ ಹೊಂಚಿ ಕಜ್ಜಾಯ ಮಾಡಿ ಬಂಡೆಯ ಮೇಲಿಟ್ಟಳು. ನಾನು ಎಲ್ಲವನ್ನೂ ಒಬ್ಬಳೇ ತಿಂದೆ. ಅಂತೋಣಿಗೆ ನುಂಗಲಾಗುತ್ತಿರಲಿಲ್ಲ.

ಆಮೇಲೆ ದನಿಗಳು ಕಡಿಮೆಯಾಗತೊಡಗಿದವು. ಕೆಲವರು ನೆಂಟರ ಊರಿಗೆ ಹೋದರು, ಕೆಲವರು ಮಲಗಿದರು; ಮಲಗಿದವರನ್ನು ಹಳ್ಳ ದಾಟಿಸಲು ಜನ ಸಾಲದೆ ಅಲ್ಲಲ್ಲೇ ಬಿಟ್ಟಿದ್ದರು. ಯಾರು ಹೋದರು, ಯಾರು ಮಲಗಿದರು ಎಂದು ಕೂಗಿ ಕೇಳಿದರೆ ಲೂರ್ದಕ್ಕ "ಎಲ್ಲ ಅವ್ರೆ, ನೀ ನಿನ್ ಕೆಲ್ಸ ನೋಡು," ಅನ್ನುತ್ತಿದ್ದಳು. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಚೌರಪ್ಪ ಮಾತ್ರ ನಿಲ್ಲಿಸಲಿಲ್ಲ. ಓಗೊಡುವ ದನಿ ತೆಳುವಾದಷ್ಟೂ ಅವನು ಜೋರಾಗಿ ಕರೆಯುತ್ತಿದ್ದ. ಜಿದ್ದಿಗೆ ಬಿದ್ದವನ ಹಾಗೆ. ಈಗ ಯೋಚಿಸಿದರೆ ಆ ಮನುಷ್ಯನದು ಭಕ್ತಿ ಎನ್ನುವುದಕ್ಕಿಂತ ಜಿದ್ದು ಎಂದೇ ಅನಿಸುತ್ತದೆ. ಹೊಲಕ್ಕೆ ಇಳಿದ ಆನೆಯ ಮುಂದೆ ಬರಿಗೈಯಲ್ಲಿ ನಿಲ್ಲುವವನು ಬೇರೆಯದರ ಮುಂದೆಯೂ ಹಾಗೇ ನಿಂತ.

ಇನ್ನು ಆ ಸಂಜೆ.

ಮಂಜು ಬೇಗ ಇಳಿದಿತ್ತು. ಎದುರು ದಂಡೆ ಕಾಣುತ್ತಿರಲಿಲ್ಲ. ಅಂತೋಣಿಯ ಉಸಿರು ಗೊರಗೊರ ಎನ್ನುತ್ತಿತ್ತು, ನಡುನಡುವೆ ನಿಂತು ಹೋಗುತ್ತಿತ್ತು. ನಿಂತಾಗೆಲ್ಲ ನಾನು ಅವನ ಭುಜ ಅಲುಗಿಸುತ್ತಿದ್ದೆ. ಇವತ್ತು ಮುಗಿಯಿತು ಎಂದು ನನಗೆ ಗೊತ್ತಾಗಿತ್ತು. ಅಷ್ಟರಲ್ಲಿ ಕೂಗು ಬಂತು. ಜಪದ ಮೊದಲ ತುಂಡು. ಎಂದಿನ ಹಾಗೆ ಜೋರಾಗಿರಲಿಲ್ಲ, ಮಂಜಿನಲ್ಲಿ ಒದ್ದೆಯಾದಂತಿತ್ತು.

ದಿಣ್ಣೆಯ ಮೇಲಿಂದ ಯಾರೂ ಓಗೊಡಲಿಲ್ಲ.

ಅತ್ತೆಯೂ ಇಲ್ಲ. ರಾಯಪ್ಪನೂ ಇಲ್ಲ. ಒಂದು ದನಿಯೂ ಇಲ್ಲ. ಕೂಗು ಮತ್ತೆ ಬಂತು, ಅದೇ ತುಂಡು, 'ಕೇಳಿಸಲಿಲ್ಲವೇನೋ' ಎನ್ನುವ ಹಾಗೆ. ಏನೂ ಇಲ್ಲ. ಕರೆದವರು ಮುಂದಕ್ಕೆ ಹೋಗುವಂತಿಲ್ಲ, ಆ ಪಾಳ್ಯದ ಕಟ್ಟು ಹಾಗೆ. ತಾನೇ ಓಗೊಟ್ಟುಕೊಳ್ಳುವಂತೆಯೂ ಇಲ್ಲ. ಮತ್ತೆ ಕರೆದರು. ಮನೆಯ ಮುಂದೆ ನಿಂತು ಯಾರಾದರೂ ಹೆಸರು ಹಿಡಿದು ಕೂಗುತ್ತಲೇ ಇದ್ದರೆ ಒಳಗಿದ್ದವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ನಾನು ಅಂತೋಣಿಯ ಭುಜ ಬಿಟ್ಟು ಬಾಗಿಲಿಗೆ ಬಂದೆ. ಓಗೊಟ್ಟೆ.

ಬಾಯಿಗೆ ಬಂದದ್ದು ಕನ್ನಡವಲ್ಲ, ತಮಿಳು. ಅವ್ವನ ಮಡಿಲಲ್ಲಿ ಕೂತು ಕಲಿತದ್ದು. ಬೈಗುಳದ ದನಿಯಲ್ಲಿ, ಗಂಟಲು ಹರಿಯುವ ಹಾಗೆ ಕೂಗಿದೆ. ಆಮೇಲೆ ಮುಂದಿನ ಮಣಿಗೆ ಕನ್ನಡದಲ್ಲಿ ಕರೆ. ನಾನು ತಮಿಳಿನಲ್ಲಿ ಉತ್ತರ. ಹೀಗೆ ಕೊನೆಯ ಮಣಿಯವರೆಗೆ, ಹಳ್ಳದ ಎರಡು ದಂಡೆಯಲ್ಲಿ ಇಬ್ಬರೇ. ಅದು ಪ್ರಾರ್ಥನೆಯೇ ಎಂದರೆ, ನಾನು ಏನನ್ನೂ ಬೇಡಲಿಲ್ಲ. ಎದುರಿಗಿರುವವರು ಒಂಟಿಯಾಗಿ ನಿಲ್ಲಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಬೆಳಗ್ಗೆ ಅಂತೋಣಿಯ ಗಡ್ಡೆ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ನೀರು ಕೇಳಿದ. "ಎತ್ತಿಗೆ ಹುಲ್ಲು ಹಾಕಿದ್ರಾ?" ಎಂದ. ನಾನು ಅಳಲಿಲ್ಲ, ಅವನ ಬಾಯೊರೆಸಿದೆ, ಆಮೇಲೆ ಹೊರಗೆ ಹೋಗಿ ಹೊಂಗೆ ಮರಕ್ಕೆ ಹಣೆ ಇಟ್ಟು ನಿಂತೆ. ಹೊಂಗೆ, ಬೇವಲ್ಲ.

ಅಂದಿನಿಂದ ಬಂಡೆಯ ಮೇಲೆ ಅನ್ನ ಇಡಲು ಬಂದವರು ಅತ್ತೆ. ಲೂರ್ದಕ್ಕ ಎಲ್ಲಿ ಎಂದರೆ "ಮೈ ಉಸಾರಿಲ್ಲ." ಚೌರಣ್ಣ? "ಅವ್ನೂ ಅಂಗೇ." ಸಂಜೆಯ ಕೂಗು ನಿಂತಿತ್ತು. ಅಂತೋಣಿ ಕೋಲೂರಿ ನಡೆಯುವಂತಾಗಿ ನಾವು ಹಳ್ಳ ದಾಟಿದ ದಿನ ಎದುರು ದಂಡೆಯಲ್ಲಿ ಗುಡಿಸಲು ಇರಲಿಲ್ಲ. ಸುಟ್ಟ ಕರಿ ನೆಲ ಇತ್ತು. ಸತ್ತವರ ಗುಡಿಸಲನ್ನು ಸುಡುವುದು ರೂಢಿ. ಲೂರ್ದಕ್ಕ ಅತ್ತೆಯ ಗುಡಿಸಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ನೋಡಿದಳು, ಅಂತೋಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಂದ್ಯೇನ್ಲಾ," ಎಂದಳು. "ಕೂತ್ಕೋ. ಬಿದ್ದುಗಿದ್ದೀಯ."

ಜಗಳ ಶುರುವಾದದ್ದು ಇಲ್ಲಿಂದ. ಚೌರಪ್ಪ ಸತ್ತದ್ದು ಯಾವತ್ತು? ಅತ್ತೆ ಹೇಳುವ ಪ್ರಕಾರ ನಾನು ಓಗೊಟ್ಟ ದಿನ ಮಧ್ಯಾಹ್ನವೇ. "ನಾವೆಲ್ಲ ಮಣ್ಗೆ ಓಗಿದ್ವಿ ಕಣಮ್ಮಿ. ಗಂಡಸ್ರು ಸಾಲ್ದೆ ಎಂಗಸ್ರೂ ಎಗಲು ಕೊಟ್ವಿ. ಲೂರ್ದಿ ಒಬ್ಳೇ ಗುಡ್ಲಾಗಿದ್ಲು. ಅದುಕ್ಕೇ ಯಾರೂ ಓಗೊಡ್ಲಿಲ್ಲ." ರಾಯಪ್ಪ ಇದನ್ನು ಒಪ್ಪುವುದಿಲ್ಲ. "ಅವತ್ತು ನಾವೆಲ್ಲ ಸೂಜಿ ಆಕಿಸ್ಕಳಕ್ಕೆ ಕೆಲಮಂಗಲಕ್ಕೆ ಓಗಿದ್ವಿ, ಬರಾದು ವೊತ್ತಾಯ್ತು. ಚೌರಿ ಓಗಿದ್ದು ಮಾರ್ನೆ ದಿನ ಕೋಳಿ ಕೂಗೋ ವೊತ್ಗೆ." ಇಬ್ಬರೂ ಆಣೆಯಿಟ್ಟು ಹೇಳುವವರು. ಅತ್ತೆಯ ಮಾತು ನಿಜವಾದರೆ ಆ ಸಂಜೆ ಕರೆದದ್ದು ಚೌರಪ್ಪನಲ್ಲ. ಗಂಡನನ್ನು ಆಗತಾನೆ ಹೊತ್ತುಕೊಂಡು ಹೋದ ಮೇಲೆ, ಆ ಹೊತ್ತಿಗೆ ಸರಿಯಾಗಿ ಎದ್ದು ಬಂಡೆಯ ಮೇಲೆ ನಿಂತು, ಅವನ ಬದಲು ಲೂರ್ದಕ್ಕ ಕರೆದಳು. ರಾಯಪ್ಪನ ಮಾತು ನಿಜವಾದರೆ ಚೌರಪ್ಪನೇ, ಸಾಯುವ ಹಿಂದಿನ ಸಂಜೆ, ಮೈಯೆಲ್ಲ ಸುಡುತ್ತಿರುವಾಗ ಎದ್ದು ಬಂದು ಕರೆದ. ನನ್ನ ನೆನಪಿನಲ್ಲಿರುವುದು ಗಂಡು ದನಿ. ಆದರೆ ನನ್ನ ನೆನಪಿನಲ್ಲಿ ಬೇವಿನ ಮರವೂ ಇತ್ತು.

ಪಾಳ್ಯಕ್ಕೆ ಹಿಂದಿರುಗಿ, ದೇವಾಲಯ ತೊಳೆದು ಸುಣ್ಣ ಬಳಿದ ಮೇಲೆ ಇನ್ನಾಸಪ್ಪ ಬಂದ. ಮೊದಲ ಭಾನುವಾರ ಎಲ್ಲರೂ ಸೇರಿದರು. ಅಂತೋಣಿಯನ್ನು ಮುಂದೆ ಕೂರಿಸಿ ಇನ್ನಾಸಪ್ಪ ಹೇಳಿದ: "ನೋಡಿ, ನಂಬಿಕೆ ಅಂದ್ರೆ ಇದು. ನಂಬಿದೋರ ಪ್ರಾರ್ಥನೆ ಇವನನ್ನ ಸಾವಿನ ಬಾಯಿಂದ ಕಿತ್ಕೊಂಡು ಬಂತು."

ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ.

"ಚೌರಣ್ಣನಿಗೆ ನಂಬಿಕೆ ಕಮ್ಮಿ ಇತ್ತಾ ಉಪದೇಶಿಯವರೇ?"

"ಕೂತ್ಕೊಳಮ್ಮ."

"ಹೇಳಿ, ಕೂತ್ಕೋತೀನಿ. ನಂಬಿ ಕರೆದವನು ಮಣ್ಣಲ್ಲಿದ್ದಾನೆ. ನಂಬದೆ ಇದ್ದವಳ ಗಂಡ ಇಲ್ಲಿ ಕೂತಿದ್ದಾನೆ. ನನ್ನ ಮಗು ಹೋದಾಗ ನನ್ನ ನಂಬಿಕೆ ಸಾಲದು ಅಂದ್ರಿ. ಈಗ ಯಾರದ್ದು ಸಾಲದು ಅಂತೀರಿ?"

ಅತ್ತೆ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ಆಗ ಹಿಂದಿನಿಂದ ಲೂರ್ದಕ್ಕ ಮಾತಾಡಿದಳು.

"ಇನ್ನಾಸಣ್ಣ, ನೀನು ಇಲ್ಲಿರ್ಲಿಲ್ಲ. ಕಾಣ್ದಿದ್ದು ಏಳ್ಬ್ಯಾಡ. ಜಪ ಸುರು ಮಾಡು."

ಇನ್ನಾಸಪ್ಪ ಜಪಸರಕ್ಕಾಗಿ ಜೇಬು ತಡಕಾಡಿದ. ಲೂರ್ದಕ್ಕ ಕಾಯಲಿಲ್ಲ. ಕೂತಲ್ಲಿಂದಲೇ ತಾನೇ ಕರೆದಳು. ಆ ದೇವಾಲಯದಲ್ಲಿ ಹೆಂಗಸೊಬ್ಬಳು ಕರೆದದ್ದು ಅದೇ ಮೊದಲು. ಎಲ್ಲರೂ ಓಗೊಟ್ಟರು. ನಾನೂ ಓಗೊಟ್ಟೆ, ನಿಂತುಕೊಂಡೇ. ದೇವರಿಗಲ್ಲ, ಲೂರ್ದಕ್ಕನಿಗೆ. ಕಿವಿಯೆಲ್ಲ ಆ ದನಿಯ ಮೇಲೆ ಇಟ್ಟಿದ್ದೆ: ಅಂದು ಮಂಜಿನಲ್ಲಿ ಬಂದದ್ದು ಇದೇನಾ? ದಪ್ಪ ದನಿ ಅವಳದು. ಇದೇ ಎನಿಸಿತು. ಮುಂದಿನ ಮಣಿಗೆ, ಅಲ್ಲವೆನಿಸಿತು.

ಗುರುಗಳು ಬಂದಾಗ ಯಾರೋ ನಮ್ಮ ಕೂಗಾಟದ ಕತೆ ಹೇಳಿದರು. ಅವರು ನಕ್ಕು, ಒಬ್ಬರೇ ಎರಡನ್ನೂ ಹೇಳಿಕೊಂಡರೂ ಜಪ ಜಪವೇ, ದೇವರು ಕೇಳಿಸಿಕೊಳ್ಳುತ್ತಾನೆ ಎಂದರು. "ಅವ್ನು ಕೇಳಿಸ್ಕಂಡ್ರೆ ಆಯ್ತಾ ಸಾಮಿ? ನಮ್ಗೂ ಕೇಳಿಸ್ಬೇಕಲ್ಲ," ಎಂದರು ಅತ್ತೆ.

ಒಂದೇ ಒಂದು ಸಲ ನಾನು ಲೂರ್ದಕ್ಕನನ್ನು ಕೇಳಿದೆ. ಇಬ್ಬರೂ ಎದುರುಬದುರು ಕೂತು ರಾಗಿ ಬೀಸುತ್ತಿದ್ದೆವು.

"ಅವತ್ತು ಸಂಜೆ ಕರೆದದ್ದು ಯಾರಕ್ಕ? ಚೌರಣ್ಣನಾ, ನೀನಾ?"

ಅವಳು ಕಲ್ಲು ನಿಲ್ಲಿಸಲಿಲ್ಲ. ಬೀಸುಕಲ್ಲಿನ ಗೂಟದ ಮೇಲೆ ನನ್ನ ಕೈಯೊಂದಿಗೆ ಅವಳ ಕೈಯೂ ಸುತ್ತುತ್ತಿತ್ತು.

"ಓಗೊಟ್ಟೋಳು ನೀನೇ ತಾನೆ?"

"ನಾನೇ."

"ಮತ್ತೇನು. ರಾಗಿ ಆಕು, ಕಲ್ಲು ಬರೀ ತಿರುಗ್ತೈತೆ."

ಅಂತೋಣಿ ಅದಾದ ಮೇಲೆ ಬಹಳ ವರ್ಷ ಬದುಕಿದ, ಕುಂಟುತ್ತಲೇ ಗಾಡಿ ಹೊಡೆದ. ಮಾತ್ರೆಯಿಂದ ಬದುಕಿದನೋ, ಬಿಸಿ ಹಿಟ್ಟಿನಿಂದಲೋ, ಹೊಲಗಳ ಮೇಲೆ ಹಾದುಬಂದ ಆ ದನಿಗಳಿಂದಲೋ ಎಂದು ಕೇಳಿದರೆ "ನನ್ ಎತ್ತಿನ್ನ ಕೇಳು" ಅನ್ನುತ್ತಿದ್ದ. ಗೂಟದ ಮೇಲಿನ ಜಪಸರವನ್ನು ನಾನು ಮತ್ತೆ ತೆಗೆಯಲಿಲ್ಲ. ಆದರೆ ಆ ಪಾಳ್ಯದಲ್ಲಿದ್ದಷ್ಟು ವರ್ಷ ಲೂರ್ದಕ್ಕ ಕರೆದಾಗೆಲ್ಲ ಓಗೊಟ್ಟೆ.

ಈಗ ಲೂರ್ದಕ್ಕನೂ ಇಲ್ಲ, ಅತ್ತೆಯೂ ಇಲ್ಲ, ರಾಯಪ್ಪನೂ ಇಲ್ಲ. ಚೌರಪ್ಪ ಸತ್ತದ್ದು ಆ ಸಂಜೆಗೆ ಮೊದಲೋ ಆಮೇಲೋ ನನಗೆ ಗೊತ್ತಿಲ್ಲ. ಹಳ್ಳದ ಎದುರು ದಂಡೆಯಿಂದ ಕರೆದದ್ದು ಯಾರೆಂದೂ ನನಗೆ ಗೊತ್ತಿಲ್ಲ.